ಹಿಂದೆ ಸರಿಯುವ ಗೋಡೆ

ಎದೆಗೆ ಕಟ್ಟಿಕೊಂಡಿದ್ದ ಪುಟ್ಟ ಯಂತ್ರ ಮತ್ತೆ ಗುರ್ರೆಂದು ನಡುಗಿತು. ಎರಡು ಮಾರು ಮುಂದೆ ಏನೋ ಅಡ್ಡ ಇದೆ ಎಂದು ಅದರರ್ಥ. ಅವಳು ಬಿಳಿ ಕೋಲು ಚಾಚಿ ತಡಕಿದಳು. ಏನೂ ಸಿಗಲಿಲ್ಲ. ಒಂದು ಹೆಜ್ಜೆ ಇಟ್ಟಳು. ನಡುಕ ಹೆಚ್ಚಲೂ ಇಲ್ಲ, ನಿಲ್ಲಲೂ ಇಲ್ಲ. ಇದೆಂಥ ಗೋಡೆ, ತಾನು ಮುಂದೆ ಹೋದಷ್ಟೂ ಹಿಂದೆ ಸರಿಯುವ ಗೋಡೆ?

ನೆತ್ತಿ ಸುಡುವ ಬಿಸಿಲು. ಪಕ್ಕದಲ್ಲೇ ಬಸ್ಸುಗಳು ಭರ್ರೆಂದು ಹೋಗುತ್ತಿದ್ದವು. ಯಂತ್ರವೇ ಕೆಟ್ಟಿದ್ದರೆ? "ಕೆಲಸಕ್ಕೆ ಒಬ್ಬಳೇ ಹೋಗ್ತೀನಿ, ಜೊತೆಗೆ ಬರಕೂಡದು" ಎಂದು ಹಟ ಹಿಡಿದು, ಹೊರಡುವಾಗ ಅಪ್ಪನಿಂದ ಆಣೆ ಮಾಡಿಸಿಕೊಂಡವಳು ಅವಳೇ. ಮೊದಲ ದಿನವೇ ವಾಪಸ್ ಹೋದರೆ ಯಾವ ಮುಖ ತೋರಿಸುವುದು?

ಅವಳು ಗಕ್ಕನೆ ನಿಂತಳು. ಎದುರಿನಲ್ಲಿ ಏನೋ ಲಟಕ್ ಎಂದಿತು.

ಆ ಸದ್ದು ಅವಳಿಗೆ ಗೊತ್ತು. ಜೀವಮಾನವೆಲ್ಲ ಲಾರಿಯ ಕ್ಲಚ್ ತುಳಿದು ಸವೆದ ಅಪ್ಪನ ಎಡ ಮಂಡಿ. ಎರಡು ಮಾರಿನ ಅಂತರ ತಪ್ಪದಂತೆ ಮಗಳತ್ತ ಮುಖ ಮಾಡಿಕೊಂಡು, ಉಸಿರು ಬಿಗಿಹಿಡಿದು, ಇಷ್ಟು ದೂರವೂ ಹಿಮ್ಮುಖವಾಗಿಯೇ ನಡೆದಿದ್ದಾರೆ. ಕೆಂಡದಂತೆ ಕಾದ ಫುಟ್‌ಪಾತಿನ ಮೇಲೆ ಒಮ್ಮೆಯೂ ಚಪ್ಪಲಿಯ ಸದ್ದು ಕೇಳಿರಲಿಲ್ಲ.

"ಅಪ್ಪಾ, ರಿವರ್ಸ್ ಹೋಗಿದ್ದು ಸಾಕು," ಎಂದಳು. "ಮೊದಲು ಆ ಕೈಯಲ್ಲಿರೋ ಚಪ್ಪಲಿ ಕಾಲಿಗೆ ಹಾಕ್ಕೊಳ್ಳಿ."