ಕೆಟ್ಟ ನೀರು ಬೇಕಾದವಳು

ಬೇಲಿಯ ಮುಳ್ಳುತಂತಿ ರೇನ್‌ಕೋಟಿನ ತೋಳನ್ನು ಹಿಡಿದೆಳೆಯಿತು. ಬಿಡಿಸಿಕೊಳ್ಳಲು ಅವಳು ನಿಲ್ಲಲಿಲ್ಲ. ತೋಳು ಪರ್ರೆಂದು ಹರಿಯಿತು. ಬಾಟಲಿ ಮಾತ್ರ ಎದೆಗೆ ಅವುಚಿದ್ದಂತೆಯೇ ಇತ್ತು.

"ಯಾರಮ್ಮ ಅದು? ನಿಂತ್ಕೊಳ್ಳಿ!" ಕಾವಲುಗಾರನ ಸೀಟಿ ಮಳೆಯಲ್ಲಿ ನೆನೆದು ಗೊರಗೊರ ಎಂದಿತು.

ಈ ಮಳೆಗಾಗಿ ಅವಳು ಬೇಸಿಗೆಯಿಡೀ ಕಾದಿದ್ದಳು. ಗಣಿಯ ಗುಂಡಿಯಿಂದ ಮೇಲೆತ್ತಿದ ನೀರೂ ಮಣ್ಣಿನ ಗುಡ್ಡೆಗಳಿಂದ ಇಳಿದ ಮಳೆನೀರೂ ಕೂಡುವುದು ಬೇಲಿಯೊಳಗಿನ ಆ ಹೊಂಡದಲ್ಲಿ. ಹೊಂಡ ತುಂಬಿದಾಗಲೇ ಅದರ ಬಾಗಿಲು ಎತ್ತಿ ನೀರನ್ನು ಹಳ್ಳಕ್ಕೆ ಬಿಡುವುದು. ಅದು ಹುಳಿ ನೀರು, ಕಬ್ಬಿಣವನ್ನೂ ತಿನ್ನುವಂಥದ್ದು. ಸುಣ್ಣ ಬೆರೆಸಿ, ಹುಳಿ ಮುರಿದು, ಕೆಸರು ತಳಕ್ಕಿಳಿದ ಮೇಲೆಯೇ ಹಳ್ಳಕ್ಕೆ ಬಿಡಬೇಕೆಂದು ಕಾನೂನು. ಹೋದ ಮಳೆಗಾಲದಲ್ಲಿ ಹುಳಿ ಹುಳಿಯಾಗಿಯೇ ಹಳ್ಳಕ್ಕಿಳಿದು, ಅಲ್ಲಿಂದ ಬೀದಿಯ ನಲ್ಲಿಗೆ ಬಂದಿತ್ತು. ಪಕ್ಕದ ಮನೆಯ ಪುಟ್ಟಿ, ದಿನಾ ಇವಳ ಕೈಯಲ್ಲೇ ಜಡೆ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದವಳು, ಆ ನೀರು ಕುಡಿದು ಮಲಗಿದವಳು ಏಳಲಿಲ್ಲ.

ಎತ್ತಿದ ಬಾಗಿಲ ಬಳಿ ಬಾಟಲಿ ತುಂಬುವಾಗ ಹೊಂಡದ ಕಟ್ಟೆಯ ಮೇಲೆ, ತಗಡಿನ ಸೂರಿನಡಿ, ಒಬ್ಬ ಮೂಟೆ ಬಿಚ್ಚಿ ಸುಣ್ಣ ಕಲಸುವ ಯಂತ್ರದ ಬಾಯಿಗೆ ಸುರಿಯುತ್ತಿದ್ದುದನ್ನು ಅವಳು ಕಂಡಿದ್ದಳು. ಹುಬ್ಬು, ಕಿವಿ, ಕಾಲರು ಎಲ್ಲ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗೆ. ಸುರಿಯಲಿ, ಅಂದುಕೊಂಡಿದ್ದಳು. ಸುರಿದರೇನು?

ಬೀದಿಯ ನಲ್ಲಿಯ ಹತ್ತಿರ ಅವಳನ್ನು ಕಂಡ ಹೆಂಗಸರು ಬಕೆಟ್ಟುಗಳನ್ನು ಹಿಂದಕ್ಕೆಳೆದುಕೊಂಡರು.

"ಬಾಟಲಿ ತುಂಬ್ಕೊಂಡು ಬಂದ್ಲು ನೋಡು," ಒಬ್ಬಳು ಅವಳಿಗೆ ಕೇಳುವಷ್ಟೇ ದನಿಯಲ್ಲಿ ಅಂದಳು. "ಇನ್ನು ಯಾರಿಗೆ ಕುಡಿಸ್ಬೇಕೋ."

ಪುಟ್ಟಿಯ ತಾಯಿ ಮುಖ ತಿರುಗಿಸಿದಳು, ಅಷ್ಟೆ. ಗಣಿಯ ಸಂಬಳದಲ್ಲಿ ಒಲೆ ಉರಿಯುವ ಬೀದಿಯಲ್ಲಿ ಗಣಿಯನ್ನು ಎದುರು ಹಾಕಿಕೊಂಡವಳ ಜೊತೆ ಯಾರು ನಿಂತಾರು, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ದಿನವೂ ಹೇಳಿಕೊಳ್ಳುತ್ತಿದ್ದಳು.

ಮನೆಯ ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತರು. "ಸಿಕ್ತಾ?"

"ಸಿಕ್ತು ಅತ್ತೆ."

"ನನ್ನ ಮಗನ್ನ ನುಂಗಿದ ನೀರು ಅದು. ಒಳಗೆ ತರ್ಬೇಡ."

ಬಾಟಲಿಯನ್ನು ಹೊರಗಿಟ್ಟು ಒಳಗೆ ಹೋಗಿ ಒದ್ದೆ ಬಟ್ಟೆ ಬದಲಿಸಿದಳು. ಹಗ್ಗದ ಮೇಲೆ ಗಂಡನ ಅಂಗಿ ನೇತಾಡುತ್ತಿತ್ತು. ತೊಡುವವನಿಲ್ಲದಿದ್ದರೂ ಒಗೆದು ಹಾಕುತ್ತಿದ್ದಳು. ಗಣಿಯ ಕೆಲಸ ಮುಗಿಸಿ ಬಂದಾಗಲೂ ಅವನ ಅಂಗಿಯಲ್ಲಿ ಕೊಳೆಯನ್ನು ಹುಡುಕಬೇಕಿತ್ತು. ಎಷ್ಟು ಅಚ್ಚುಕಟ್ಟು ನನ್ನ ಮಗ ಎಂದು ಅತ್ತೆ ಹಿಗ್ಗುತ್ತಿದ್ದರು.

ಕಳೆದ ಸಲ ಭೇಟಿಗೆ ಬಿಟ್ಟಾಗ ಅವನ ಕೆನ್ನೆ ಇನ್ನಷ್ಟು ಒಳಹೋಗಿತ್ತು. "ನೀರು ಹಿಡ್ಕೊಂಡು ಹೋಗಿ ತೋರ್ಸು," ಅಂದಿದ್ದ. "ಯಾರು ಏನು ಮಾಡಿದ್ರೂ ಸರಿಹೋಗೋ ನೀರಲ್ಲ ಅದು. ಯಂತ್ರನೇ ಕೆಟ್ಟಿದೆ. ಅದೊಂದು ಎಲ್ರಿಗೂ ಗೊತ್ತಾದ್ರೆ ನನಗೆ ನಿದ್ದೆ ಬರುತ್ತೆ."

"ತೋರಿಸ್ತೀನಿ ರೀ. ನೀವು ಊಟ ಬಿಡ್ಬೇಡಿ," ಅಂದಿದ್ದಳು.

ನಾಳೆ ಕೋರ್ಟು. ವಕೀಲರು ಕಡ್ಡಿ ಮುರಿದಂತೆ ಹೇಳಿದ್ದರು: ನೀರು ಕೆಟ್ಟಿದೆ ಎಂದು ಯಾರಾದರೂ ತಿಳಿದವರು ಬರೆದುಕೊಟ್ಟರೆ, ಸರ್ಕಾರದವರೇ ಬಂದು ಪರೀಕ್ಷೆ ಮಾಡಲಿ ಎಂದು ಕೇಳಬಹುದು. ಇಲ್ಲವಾದರೆ ಕೇಸು ಮುಗಿದ ಹಾಗೆಯೇ.

ಪೇಟೆಯ ಪ್ರಯೋಗಾಲಯದವನು ಆಗಲೇ ಬಾಗಿಲಿಗೆ ಬೀಗ ಸಿಕ್ಕಿಸುತ್ತಿದ್ದ.

"ನಾಳೆ ಬನ್ನಿ ತಾಯಿ. ತಡ ಆದ್ರೆ ನನ್ನ ಹೆಂಡ್ತಿ ನನ್ನನ್ನೇ ಪರೀಕ್ಷೆಗೆ ಹಾಕ್ತಾಳೆ."

"ನಾಳೆ ಬಂದು ಏನೂ ಉಪಯೋಗ ಇಲ್ಲ ಅಣ್ಣ. ಗಣಿ ಹೊಂಡದ ನೀರು. ನಮ್ಮನೆಯವರ ಜೀವ ಇದ್ರಲ್ಲೇ ಇದೆ."

ಅವನು ಅವಳ ಮುಖ ನೋಡಿದ. ರೇನ್‌ಕೋಟಿನ ಹರಿದ ತೋಳನ್ನು ನೋಡಿದ. ಬೀಗ ತೆಗೆದ.

ಗಾಜಿನ ಲೋಟಕ್ಕೆ ನೀರು ಸುರಿದು ಹುಳಿ ಅಳೆಯುವ ಮೀಟರಿನ ಕಡ್ಡಿ ಅದ್ದಿದ. ಅಂಕಿ ತುಯ್ದಾಡಿ ಏಳರ ಹತ್ತಿರ ನಿಂತಿತು. ಅವನ ಮುಖ ಅರಳಿತು.

"ಹೆದರ್ಬೇಡಿ. ಹುಳಿ ಒಂಚೂರೂ ಇಲ್ಲ."

"ಇನ್ನೊಂದ್ಸಲ ನೋಡಿ ಅಣ್ಣ."

ಕಡ್ಡಿ ತೊಳೆದು ಮತ್ತೆ ಅದ್ದಿದ. ಅದೇ ಅಂಕಿ. ಇನ್ನೊಂದು ಲೋಟಕ್ಕೆ ಅದೇ ನೀರು ಸುರಿದು, ಯಾವುದೋ ದ್ರವ ತೊಟ್ಟಿಕ್ಕಿಸಿ ಬೆಳಕಿಗೆ ಹಿಡಿದ. ಬಣ್ಣ ತಿರುಗಲಿಲ್ಲ.

"ಮೀಟರ್ ಕೆಟ್ಟಿರಬಹುದಲ್ವಾ?"

"ಬೆಳಿಗ್ಗೆ ತಾನೇ ಸರಿಮಾಡಿದ್ದೀನಿ."

"ಮಳೆ ನೀರು ಸೇರಿ ತಿಳಿಯಾಗಿರಬಹುದು..."

"ಆ ಹುಳಿ ಬರೀ ಮಳೆಗೆಲ್ಲ ಜಗ್ಗಲ್ಲ. ಇದು ಸುಣ್ಣದ ಕೆಲಸ." ಅವನು ಲೋಟ ಕೆಳಗಿಟ್ಟ. "ಹೋದ ವರ್ಷ ಯಂತ್ರ ಕೆಟ್ಟಿತ್ತು ಅಂತಿದ್ರು. ಗಣಿಯವ್ರು ಹೊಸದು ತಂದ್ರಾ?"

ಕಟ್ಟೆಯ ಮೇಲೆ ಕಂಡದ್ದು ಅವಳ ಕಣ್ಣ ಮುಂದೆ ಬಂತು. "ಇಲ್ಲ," ಅಂದಳು. "ಅದೇ ಯಂತ್ರ. ಒಂದು ಮೊಳೆನೂ ಬದಲಾಗಿಲ್ಲ."

"ನೋಡಿ ಮತ್ತೆ. ಹೊತ್ತು ಹೊತ್ತಿಗೆ ಸುಣ್ಣ ಬಿದ್ದಿದ್ರೆ ಹೋದ ವರ್ಷನೂ ಹೀಗೇ ಇರ್ತಿತ್ತು. ಆಗ ಸುಣ್ಣ ಹಾಕ್ತಿದ್ದ ಪುಣ್ಯಾತ್ಮ ಮೂಟೆ ಬಿಚ್ಚಿರೋದೇ ಅನುಮಾನ."

ಅವಳು ಸ್ಟೂಲು ಹುಡುಕಿ ಕೂತಳು. ತಾನು ಹಿಡಿದು ತಂದ ನೀರು ಮೇಜಿನ ಮೇಲೆ ತಿಳಿಯಾಗಿ ನಿಂತಿತ್ತು, ಆಚೆಯ ಗೋಡೆ ಕಾಣುವಷ್ಟು ತಿಳಿಯಾಗಿ. ಅಳು ಬಂತು, ದನಿಯಿಲ್ಲದೆ.

"ಯಾಕಮ್ಮ ಅಳ್ತೀರಿ? ನೀರು ಚೆನ್ನಾಗಿದೆ ಅಂದ್ರೆ ಒಳ್ಳೇದೇ ಅಲ್ವಾ. ನಿಮ್ಮನೆಯವರಿಗೂ ಹೇಳಿ, ಸಮಾಧಾನ ಮಾಡ್ಕೊಳ್ಲಿ. ಯಾವ ಆಸ್ಪತ್ರೆಲಿದ್ದಾರೆ?"

"ಆಸ್ಪತ್ರೆಲಿಲ್ಲ ಅಣ್ಣ, ಜೈಲಲ್ಲಿದ್ದಾರೆ," ಅಂದಳು ಅವಳು. "ಹೋದ ವರ್ಷ ಆ ಹೊಂಡಕ್ಕೆ ಸುಣ್ಣ ಹಾಕೋ ಕೆಲಸ ಅವರದೇ ಆಗಿತ್ತು."