ಡೊಂಕು ಗೆರೆ

ತಟ್ಟೆಯ ತಳದಲ್ಲಿದ್ದ ಮಾರ್ಕರ್ ಚುಕ್ಕಿ ಮಾಯವಾಗಿತ್ತು. ಸಂಶೋಧಕಿ ಅದನ್ನು ದೀಪಕ್ಕೆ ಎತ್ತಿ ಹಿಡಿದು ತಿರುಗಿಸಿ ನೋಡಿದಳು. ಇಲ್ಲ.

“ಅಕ್ಕಾ, ಇದರ ತಳ ಒರೆಸಿದ್ರಾ?”

“ಮಬ್ಬು ಹಿಡಿದಿತ್ತು ಕಣೇ. ಸ್ಪಿರಿಟ್ ಹಾಕಿ ಫಳಫಳ ಮಾಡಿದೆ,” ಎಂದ ಪಕ್ಕದ ಮೇಜಿನ ಹಿರಿಯಳು ಮರುಕ್ಷಣ ನಾಲಿಗೆ ಕಚ್ಚಿಕೊಂಡಳು.

ತಟ್ಟೆಯಲ್ಲಿ ಒತ್ತಾಗಿ ಬೆಳೆದಿದ್ದ ಚರ್ಮದ ಜೀವಕೋಶಗಳ ನಡುವೆ ಸಂಶೋಧಕಿ ನಿನ್ನೆ ಹನಿ ಹಾಕುವ ಪಿಪೆಟ್ ಕೊಳವೆಯ ತುದಿಯಿಂದ ಗೆರೆ ಗೀರಿ ಗಾಯ ಮಾಡಿದ್ದಳು. ಮೇಲೆ ಹಾಕಿದ ಮದ್ದು ಫಲಿಸಿದರೆ ಎರಡೂ ದಡದ ಕೋಶಗಳು ನಡೆದು ಬಂದು ಗಾಯ ಮುಚ್ಚಬೇಕು. ನಿನ್ನೆ ಚಿತ್ರ ತೆಗೆದ ಜಾಗದಲ್ಲೇ ಇಂದೂ ಅಳೆಯಬೇಕು. ಆ ಜಾಗ ತೋರಿಸುತ್ತಿದ್ದುದು ಅದೊಂದೇ ಚುಕ್ಕಿ. ಅವಳು ಸೋಸಿ ತೆಗೆದಿದ್ದ ಮದ್ದಿನ ಕೊನೆಯ ತೊಟ್ಟು ಆ ತಟ್ಟೆಯಲ್ಲಿತ್ತು.

ಸುದ್ದಿ ಕೇಳಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಬಂದರು. “ಇನ್ನು ಎಲ್ಲಿ ಅಂತ ಅಳೀತೀಯ? ಅದೂ ನಿನ್ನ ಗೆರೆ, ಕಣ್ಣು ಮುಚ್ಚಿ ಹೊಡೆದ ನೇಗಿಲು! ಇದೇ ಕೊನೇ ಸಲ ಅಂದಿದ್ದೆ. ಎಸೆದುಬಿಡು, ಬೇರೆ ಕೆಲಸ ಕೊಡ್ತೀನಿ.”

“ಮೇಜು ಅಲ್ಲಾಡಿತ್ತು ಮೇಡಂ...”

“ಕುಣಿಲಾರದವಳು ನೆಲ ಡೊಂಕು ಅಂದಳಂತೆ.”

ಡೊಂಕು! ಅವಳು ಸರಕ್ಕನೆ ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಪಕ್ಕದ ಪರದೆಯಲ್ಲಿ ನಿನ್ನೆಯ ಚಿತ್ರ ತೆರೆದಳು. ಕೈ ನಡುಗಿದ್ದಲ್ಲಿ ಗೆರೆ ಮೊಣಕೈಯಂತೆ ಮಡಿಚಿಕೊಂಡಿತ್ತು. ತಟ್ಟೆಯನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದಳು. ನೆಟ್ಟಗೆ, ನೆಟ್ಟಗೆ, ಮತ್ತೂ ನೆಟ್ಟಗೆ. ಆಮೇಲೆ ಅದೇ ಮೊಣಕೈ! ನಿನ್ನೆ ರಾಜಬೀದಿಯಷ್ಟು ಅಗಲವಿದ್ದ ಗಾಯ ಇಂದು ಬೈತಲೆಯಷ್ಟು ಸಪೂರ.

“ಬನ್ನಿ ಮೇಡಂ! ಇಡೀ ಗೆರೆಗೆ ಡೊಂಕಿರೋದು ಇಲ್ಲೊಂದೇ ಕಡೆ. ಇದೇ ಜಾಗ!”

ಮೇಡಂ ಬಗ್ಗಿ ನೋಡಿದರು. ಕಣ್ಣು ತೆಗೆಯದೆ ಕೇಳಿದರು: “ಕೋಶಗಳು ನಡೆದು ಬಂದಿದ್ದೋ, ಒಂದು ಎರಡಾಗಿ ಮರಿ ಹಾಕಿ ತುಂಬಿಸಿದ್ದೋ?”

“ಮರಿ ಹಾಕದ ಹಾಗೆ ಮೊದಲೇ ತಡೆದಿದ್ದೆ. ಕಾಲ್ನಡಿಗೆಯಲ್ಲೇ ಬಂದಿವೆ.”

“ಹೋಲಿಸೋಕೆ ಇಟ್ಟ ಮದ್ದು ಹಾಕದ ತಟ್ಟೆಯವು ಇನ್ನೂ ದಡದಲ್ಲೇ ಕೂತಿವೆ, ಮೈಗಳ್ಳರು,” ಎಂದು ಹಿರಿಯಳು ಕೂಗಿದಳು. “ಅದರ ಚುಕ್ಕಿ ನಾನು ಒರೆಸಿಲ್ಲ, ದೇವರಾಣೆ!”

ಮೊಣಕೈಯ ತುದಿಯಲ್ಲಿ ಆಚೆ ದಡದ ಒಂದು ಕೋಶ ಈಚೆ ದಡದ ಒಂದನ್ನು ಆಗಲೇ ಮುಟ್ಟಿತ್ತು.

“ಮದ್ದು ಮತ್ತೆ ತಯಾರಿಸು, ಬೇಕಾದ್ದು ಕೊಡಿಸ್ತೀನಿ,” ಎಂದು ಮೇಡಂ ಎದ್ದರು. ಬಾಗಿಲ ಬಳಿ ಹೋಗಿ ತಿರುಗಿದರು.

“ಗೆರೆ ನೆಟ್ಟಗೆ ಎಳೆದೀಯ, ಜೋಕೆ!”