ಕೋಳಿಗೂಡಿನ ನೀಲಿ

ಆ ಇಬ್ಬರನ್ನು ಬೇಲಿಯ ಹೊರಗೇ ತಡೆಯದಿದ್ದರೆ ಗುಸ್ತಾವನ ಬಣ್ಣ ಅವತ್ತೇ ಬಯಲಾಗುತ್ತಿತ್ತು.

ಬೆನ್ನಿಗೆ ಚೀಲ ಹಾಕಿಕೊಂಡ ಪರವೂರಿನ ಗಂಡ ಹೆಂಡತಿ. ಇಲ್ಲಿ ಮನೆಯಲ್ಲೇ ಇಳಿಸಿದ ಅಬ್ಸಿಂತ್ ಮದ್ಯ ಸಿಗುತ್ತದಂತಲ್ಲ, ಕೆಳಗೆ ಊರಲ್ಲಿ ಹೇಳಿದರು ಎಂದು ಗಂಡ ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದ. ಗುಸ್ತಾವ್ ಗೊಬ್ಬರದ ಗುದ್ದಲಿ ಬಿಸುಟು ಓಡಿದ. ಹೆಂಗಸಿನ ಚೀಲದಿಂದ ಅಂಗಡಿಯ ಚೀಟಿ ಅಂಟಿಸಿದ ಬಾಟಲಿಯೊಂದರ ಕತ್ತು ಇಣುಕುತ್ತಿತ್ತು. ಅದನ್ನು ತಾನೇ ಕೈಹಾಕಿ ಒಳಕ್ಕೆ ತುರುಕಿದ. ಇಲ್ಲಿ ಹಾಲು, ಮೊಟ್ಟೆ ಬಿಟ್ಟರೆ ಏನೂ ಇಲ್ಲ, ದಮ್ಮಯ್ಯ, ಹೊರಡಿ ಎಂದ. ಅವರು ಮುಖ ಮುಖ ನೋಡಿಕೊಂಡು ಇಳಿದುಹೋದರು. ತಿರುಗಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಇರ್ಮಾ ನಿಂತಿದ್ದಳು.

“ಯಾರದು?”

“ದಾರಿ ತಪ್ಪಿದವರು.”

“ದಾರಿ ತಪ್ಪಿದವರ ಮುಖ ನಂಗೊತ್ತಿಲ್ವಾ? ಗೂಢಚಾರರು ಕಣೋ. ನೀನು ಗೊಬ್ಬರ ತಿರುವು ಮೊದ್ಲು, ವಾಸನೆ ರಸ್ತೆಗೆ ಹೋಗ್ತಿದೆ.”

ಗುಸ್ತಾವ್ ಗೊಬ್ಬರ ತಿರುವಿದ. ಮದುವೆಯಾದಂದಿನಿಂದ ಅವನ ಪಾಲಿನ ಕೆಲಸ ಅದೇ. ಕೋಳಿಗೂಡಿನ ಹಿಂದಿನ ಗೋಡೆಯಾಚೆ ಇರ್ಮಾಳ ತಾಮ್ರದ ಭಟ್ಟಿ ಬಿಸಿಯಾದಾಗಲೆಲ್ಲ ಸೋಂಪಿನ ಘಮ ಹೊರಗೆ ನುಗ್ಗುತ್ತಿತ್ತು. ಅದನ್ನು ಹೂಳಲು ತಿಪ್ಪೆ ಕೆದಕಬೇಕು. ರಾಜಧಾನಿ ಬರ್ನಿನ ಸರ್ಕಾರ ಅಬ್ಸಿಂತನ್ನು ನಿಷೇಧಿಸಿದಾಗ ಈ ಕಣಿವೆಯಲ್ಲಿ ಯಾರೂ ಅದನ್ನು ಬಿಟ್ಟಿರಲಿಲ್ಲ. ಅದರ ಹಸಿರು ಬಣ್ಣ ಮಾತ್ರ ಬಿಟ್ಟರು, ಅಷ್ಟೆ. ನೀರಿನಂಥದ್ದನ್ನೇ ಇಳಿಸಿ ಅದಕ್ಕೆ ನೀಲಿ ಎಂದು ಹೆಸರಿಟ್ಟರು. ಇರ್ಮಾಳ ಅಜ್ಜಿ ಇಳಿಸಿದಳು, ಅವ್ವ ಇಳಿಸಿದಳು. ಇರ್ಮಾಳ ನೀಲಿ ಕುಡಿದವರು ಬೇರೆಯವರದ್ದಕ್ಕೆ ಮೂಗು ಮುರಿಯುತ್ತಿದ್ದರು.

ಅವ್ವನ ಭಟ್ಟಿಯನ್ನು ತೆರಿಗೆಯವರು ಅಂಗಳದಲ್ಲೇ ಸುತ್ತಿಗೆಯಿಂದ ಜಜ್ಜಿದ್ದರು. ಅವ್ವ ಮರುದಿನ ಹಾಸಿಗೆ ಹಿಡಿದವಳು ಆ ಚಳಿಗಾಲ ದಾಟಲಿಲ್ಲ. ಮಗಳೂ ಅದೇ ಮಣ್ಣಿನವಳೆಂದು ಗುಸ್ತಾವನಿಗೆ ಗೊತ್ತಿತ್ತು. ಒಮ್ಮೆ ಪೇಟೆಯಿಂದ ಅವನು ತಂದ ಸುದ್ದಿಯೊಂದನ್ನು ಕೇಳಿ ಇರ್ಮಾ ಒಲೆ ಆರಿಸಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಸೂಪು ಮುಟ್ಟಲಿಲ್ಲ, ಮಾತಾಡಲಿಲ್ಲ. ಸುದ್ದಿ ಸುಳ್ಳಂತೆ, ಬರ್ನಿನವರ ಮಾತು ನಂಬೋದುಂಟೇ ಎಂದು ಅವನು ಹೇಳಿದ ಮೇಲೆಯೇ ಅವಳು ಎದ್ದು ಕೂತದ್ದು. ಅಂದಿನಿಂದ ಅವನು ಪತ್ರಿಕೆ ತಂದರೆ ಅವಳು ನೋಡುವ ಮೊದಲೇ ಒಲೆಗೆ ಹಾಕುತ್ತಿದ್ದ. ಇವಳಿಗೇನಾದರೂ ಆದರೆ ತಾನು ಈ ಬೆಟ್ಟದಲ್ಲಿ ಯಾರ ಮುಖ ನೋಡಿಕೊಂಡು ಬದುಕಲಿ ಎಂಬ ಚಿಂತೆ ಅವನದು.

ಅವತ್ತು ಬೆಳಗಿನಿಂದ ಅವನು ನಿಂತಲ್ಲಿ ನಿಲ್ಲಲಿಲ್ಲ. ಬೇಲಿತನಕ ಹೋಗಿ ರಸ್ತೆ ನೋಡುವುದು, ಬಂದು ಗೊಬ್ಬರ ಕೆದಕುವುದು, ಮತ್ತೆ ಹೋಗುವುದು. ಮಧ್ಯಾಹ್ನದ ಹೊತ್ತಿಗೆ ತಿರುವಿನಲ್ಲಿ ಕಾರಿನ ಸದ್ದಾಯಿತು. ಗುಸ್ತಾವ್ ಹಿಡಿದಿಟ್ಟ ಉಸಿರು ಬಿಟ್ಟು ಮನೆಯತ್ತ ಓಡಿದ.

“ಬೋರೆಲ್ ಬಂದ ಕಣೇ!”

ಬೋರೆಲ್ ಎಂದರೆ ಅವ್ವನ ಭಟ್ಟಿ ಜಜ್ಜಿಸಿದ ತೆರಿಗೆ ಇನ್ಸ್‌ಪೆಕ್ಟರ್. ಆ ಹೆಸರು ಕಿವಿಗೆ ಬಿದ್ದದ್ದೇ ಇರ್ಮಾಳ ಮೊಣಕಾಲು ನೋವು ಎತ್ತ ಹೋಯಿತೋ. ಬೆಂಕಿಗೆ ಬೂದಿ ಮುಚ್ಚಿದಳು, ಗೋಡೆಯ ಹಲಗೆ ಎಳೆದಳು, ಮೊಟ್ಟೆಗೆ ಕೂತ ಹೇಂಟೆಯನ್ನು ಎತ್ತಿ ಹಲಗೆಯ ಮುಂದೆ ಕೂರಿಸಿದಳು. ಕೆನ್ನೆ ಕೆಂಪಾಗಿತ್ತು. ರುಚಿ ನೋಡಲು ನೀರು ಬೆರೆಸಿಟ್ಟ ಲೋಟ ಮಾತ್ರ ಅಡುಗೆಮನೆಯ ಮೇಜಿನ ಮೇಲೇ ಉಳಿಯಿತು. ನೀರು ಬಿದ್ದರೆ ನೀಲಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬೋರೆಲ್ ಹೊಸಿಲು ದಾಟುವಷ್ಟರಲ್ಲಿ ಅವಳು ಅದನ್ನು ಬೆಕ್ಕಿನ ಬಟ್ಟಲಿಗೆ ಸುರಿದಳು.

ಬೋರೆಲನಿಗೂ ವಯಸ್ಸಾಗಿತ್ತು. ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಟೊಪ್ಪಿ ಸರಿಪಡಿಸಿಕೊಂಡು ಅಟ್ಟ ಹತ್ತಿದ, ನೆಲಮಾಳಿಗೆ ಇಳಿದ, ಕೋಳಿಗೂಡಿಗೂ ತಲೆ ಹಾಕಿದ. ಹೇಂಟೆ ಅವನ ಕೈ ಕುಕ್ಕಿತು. ಮರಳಿ ಬಂದು ಬೆಕ್ಕಿನ ಮುಂದೆ ನಿಂತ. ಬೆಕ್ಕು ಬಟ್ಟಲು ಮೂಸಿ, ಸೀನಿ, ದೂರ ಹೋಗಿ ಕೂತಿತು.

“ನಿಮ್ಮ ಬೆಕ್ಕು ಹಾಲು ಕುಡಿಯಲ್ವೇನಮ್ಮ?”

“ಕ್ಯಾಥೊಲಿಕ್ ಬೆಕ್ಕು ಸ್ವಾಮಿ. ಇವತ್ತು ಶುಕ್ರವಾರ, ಉಪವಾಸ.”

ಬೋರೆಲ್ ತುಟಿ ಕಚ್ಚಿಕೊಂಡು ಗೋಡೆಯತ್ತ ತಿರುಗಿದ. ಒಂದಲ್ಲ ಒಂದು ದಿನ ನೀನು ನನ್ನ ಕೈಗೆ ಸಿಕ್ಕೇ ಸಿಗುತ್ತೀಯ ಎಂದು ಗುಡುಗಿ, ಬಾಗಿಲು ದಡಾರನೆ ಹಾಕಿಕೊಂಡು ಹೋದ.

ಕಾರಿನ ಸದ್ದು ಇಳಿದ ಮೇಲೆ ಇರ್ಮಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಎರಡು ಲೋಟಕ್ಕೆ ನೀಲಿ ಬಗ್ಗಿಸಿ, ಬುಗ್ಗೆಯ ತಣ್ಣೀರನ್ನು ಹನಿ ಹನಿಯಾಗಿ ಬಿಟ್ಟಳು. ತಳದಿಂದ ಮಂಜು ಎದ್ದು ಲೋಟ ತುಂಬಿತು. ಮೊದಲು ಸೋಂಪಿನ ಸಿಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಮಾಚಿಪತ್ರೆಯ ಕಹಿ. ಅವ್ವನ ಕೈಯೇ ಇದು ಎಂದುಕೊಂಡು ಇರ್ಮಾ ಸೂಪಿನ ಬೋಗುಣಿ ಎಳೆದುಕೊಂಡಳು. ಗುಸ್ತಾವ್ ಅವಳು ಎರಡನೆಯ ಸಲ ಬಡಿಸಿಕೊಳ್ಳುವವರೆಗೂ ನೋಡುತ್ತ ಕೂತಿದ್ದ. ಆಮೇಲೆ, ಅವನು ನಿಜಕ್ಕೂ ಹೋದನೋ ನೋಡಿ ಬರುತ್ತೇನೆ ಎಂದು ಎದ್ದ.

ರಸ್ತೆಯ ತಿರುವಿನಲ್ಲಿ ಕಾರು ನಿಂತಿತ್ತು. ಬೋರೆಲ್ ಕೋಟು, ಟೊಪ್ಪಿ ಮಡಚಿ ಚೀಲಕ್ಕೆ ಹಾಕುತ್ತಿದ್ದ.

“ಊಟ ಮಾಡಿದ್ಳಾ?”

“ಎರಡು ಸಲ ಬಡಿಸಿಕೊಂಡ್ಳು. ಮುಂದಿನ ತಿಂಗಳು ಸ್ವಲ್ಪ ಬೇಗ ಬಾ ಮಾರಾಯ, ನಂಗೆ ಜೀವ ಬಾಯಿಗೆ ಬಂದಿತ್ತು.”

“ಬರ್ತೀನಿ. ಆದ್ರೆ ಎಷ್ಟು ದಿನ ಅಂತ ಗುಸ್ತಾವ್? ನಾನು ರಿಟೈರ್ ಆಗಿ ಯಾವ ಕಾಲವಾಯ್ತು. ನಿಷೇಧ ತೆಗೆದು ನಾಲ್ಕು ವರ್ಷ. ಈಗ ಅಂಗಡೀಲಿ ಮಕ್ಕಳ ಚಾಕಲೇಟ್ ಪಕ್ಕದಲ್ಲೇ ಇಟ್ಟು ಮಾರ್ತಾರೆ. ಒಂದ್ಸಲ ಹೇಳಿಬಿಡೋದಲ್ವಾ?”

“ಹೇಳಿದ್ದೆನಲ್ಲ,” ಎಂದ ಗುಸ್ತಾವ್. “ಗೋಡೆ ಕಡೆ ತಿರುಗಿ ಮಲಗಿಬಿಟ್ಳು.”